ಲೈನ್ ಮನೆಯ ಮಗುವೂ ಬರೆಯಬಹುದಾದ ಊರಿನ ಇತಿಹಾಸ

(ಮಡಿಕೇರಿಯಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕ ಶಿಕ್ಷಕಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ಥಳೀಯ ಇತಿಹಾಸ ಅಂದ ಕೂಡಲೇ ನಾವು ಮಕ್ಕಳಿಗೆ ಕೊಡುವ ಕೆಲಸ ಒಂದಿದೆ. 'ನಿಮ್ಮ ಮನೆತನದ ಬಗ್ಗೆ ಒಂದು ಪುಟ ಬರೆದುಕೊಂಡು ಬನ್ನಿ' ಅನ್ನುತ್ತೇವೆ. ಕೊಡಗಿನ ತರಗತಿಯಲ್ಲಿ ಮರುದಿನ ಏನಾಗುತ್ತದೆ ಅಂತ ನಿಮಗೆ ಗೊತ್ತು. ಒಂದು ಮಗು ಮೂರು ಪುಟ ತುಂಬಿಸಿಕೊಂಡು ಬರುತ್ತದೆ. ಅದರ ಒಕ್ಕಕ್ಕೆ, ಅಂದರೆ ಕುಲಕ್ಕೆ, ಹೆಸರಿದೆ, ಕುಲದ ಮೂಲಮನೆಯಾದ ಐನ್‌ಮನೆ ಇದೆ, ಕೈಮಡ ಅನ್ನುವ ಗುಡಿಯಲ್ಲಿ ಹಿರಿಯರಿಗೆ ದೀಪ ಇಡುತ್ತಾರೆ, ಸೇನೆಯಲ್ಲಿದ್ದ ಮುತ್ತಜ್ಜನ ಫೋಟೋ ಗೋಡೆ ಮೇಲಿದೆ. ಪಕ್ಕದಲ್ಲಿ ಕೂತ ಮಗು ಎರಡೇ ಸಾಲು ಬರೆದಿರುತ್ತದೆ. 'ನಮ್ಮ ಅಜ್ಜ ಮೇಸ್ತ್ರಿ ಜೊತೆ ಬಂದರು. ಆಮೇಲೆ ಇಲ್ಲೇ ಲೈನ್ ಮನೆಯಲ್ಲಿ ಉಳಿದರು.' ಮೇಸ್ತ್ರಿ ಅಂದರೆ ತೋಟಕ್ಕೆ ಕೂಲಿಗಳನ್ನು ಕರೆತರುವವ, ಲೈನ್ ಮನೆ ಅಂದರೆ ಅವರಿಗಾಗಿ ತೋಟದಲ್ಲಿ ಸಾಲಾಗಿ ಕಟ್ಟಿದ ಮನೆ. ಹಾಡಿಯಿಂದ, ಅಂದರೆ ಬುಡಕಟ್ಟಿನವರ ಕೇರಿಯಿಂದ, ಬರುವ ಮಗು ಅಷ್ಟನ್ನೂ ಬರೆದಿರುವುದಿಲ್ಲ. ಅದಕ್ಕೆ ಗೊತ್ತಿಲ್ಲ ಅಂತಲ್ಲ. ಗೊತ್ತಿರುವುದು ಟೀಚರ್ ಕೇಳಿದ ಇತಿಹಾಸದ ಲೆಕ್ಕಕ್ಕೆ ಬರುತ್ತದೆ ಅಂತ ಅದಕ್ಕೆ ಯಾರೂ ಹೇಳಿಲ್ಲ.

ಎರಡು ಸಾಲಿನ ಮಗು ಆವತ್ತು ಕಲಿತದ್ದು ಏನು? ಇತಿಹಾಸ ಕೆಲವರಿಗೆ ಇರುತ್ತದೆ, ನಮಗೆ ಇಲ್ಲ ಅಂತ. ಎಂಥ ಸುಳ್ಳು ಪಾಠ ನೋಡಿ. ಆ ಮಗುವಿನ ಅಜ್ಜಿ ಕೊಯ್ದ ಕಾಫಿ ಹಣ್ಣಿಲ್ಲದೆ ಈ ಜಿಲ್ಲೆಯ ಕಳೆದ ನೂರೈವತ್ತು ವರ್ಷದ ಕತೆಯನ್ನು ಹೇಳುವುದಕ್ಕೇ ಆಗುವುದಿಲ್ಲ.

ಅದಕ್ಕೇ ನಾನು ಕೇಳಿಕೊಳ್ಳುವುದು ಇಷ್ಟು. ಮನೆತನ ಆಮೇಲೆ ಬರಲಿ, ಮೊದಲು ಜಾಗದಿಂದ ಶುರು ಮಾಡೋಣ. ಶಾಲೆ, ಸೇತುವೆ, ಸಂತೆ, ಗದ್ದೆ, ಬಸ್ ನಿಲ್ಲುವ ಮರದ ಬುಡ, ರೇಷನ್ ಅಂಗಡಿ. ಮನೆತನದ ವಿಷಯದಲ್ಲಿ ಮಕ್ಕಳು ಮೇಲೆ ಕೆಳಗೆ ಆಗುತ್ತಾರೆ. ಊರಿನ ಸೇತುವೆಯ ವಿಷಯದಲ್ಲಿ ಎಲ್ಲರೂ ಒಂದೇ. ಎಲ್ಲರೂ ಅದರ ಮೇಲೇ ನಡೆದು ಬರುತ್ತಾರೆ, ಅಲ್ವಾ?

ಮೊದಲನೇ ಜಾಗ ನಿಮ್ಮ ಶಾಲೆಯೇ ಆಗಲಿ. ಹೆಡ್‌ಮಾಸ್ಟರ ಕೋಣೆಯ ಬೀರುವಿನಲ್ಲಿ ಹಳೆಯ ಅಡ್ಮಿಷನ್ ರಿಜಿಸ್ಟರ್ ಇರುತ್ತದೆ. ಅಂಚು ಹರಿದಿರುತ್ತದೆ, ನಾಲ್ಕು ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿರುತ್ತವೆ. ನಾವು ಅದನ್ನು ಟಿ.ಸಿ. ಬರೆಯುವಾಗ, ಜನ್ಮ ದಿನಾಂಕ ಬೇಕಾದಾಗ ಮಾತ್ರ ತೆಗೆಯುತ್ತೇವೆ. ಇತಿಹಾಸದ ಮೇಷ್ಟ್ರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಊರಲ್ಲಿ ಸಿಗುವುದು ಕಷ್ಟ.

ಆದರೆ ಹಾಗೇ ಮಕ್ಕಳ ಕೈಗೆ ಕೊಡಬೇಡಿ. ಅದರಲ್ಲಿ ಜಾತಿಯ ಕಾಲಂ ಇದೆ, ಇವತ್ತೂ ಊರಲ್ಲಿ ಓಡಾಡುತ್ತಿರುವವರ ಹೆಸರಿದೆ. ಯಾರ ತಂದೆ ಏನಾಗಿದ್ದರು, ಯಾರು ಎಷ್ಟನೇ ತರಗತಿಗೆ ಶಾಲೆ ಬಿಟ್ಟರು ಅನ್ನುವುದು ಆಟದ ಬಯಲಿನಲ್ಲಿ ಗೇಲಿಯ ವಿಷಯ ಆಗಬಾರದು. ನೀವೇ ಕೂತು ಹೆಸರು, ಜಾತಿ ಬಿಟ್ಟು ನಾಲ್ಕು ಕಾಲಂ ನಕಲು ಮಾಡಿ: ಸೇರಿದ ವರ್ಷ, ಹುಡುಗನೋ ಹುಡುಗಿಯೋ, ತಂದೆಯ ಕೆಲಸ, ಶಾಲೆ ಬಿಟ್ಟ ತಿಂಗಳು ಮತ್ತು ತರಗತಿ. ಹತ್ತು ವರ್ಷಕ್ಕೊಂದು ಪುಟ ಸಾಕು. ಇದು ಒಂದು ಭಾನುವಾರ ಮಧ್ಯಾಹ್ನದ ಕೆಲಸ.

ಹೀಗೆ ಮಾಡಿದ ಒಂದು ಶಾಲೆಯಲ್ಲಿ ಏಳನೇ ತರಗತಿಯ ಮಕ್ಕಳ ಜೊತೆ ನಾನು ಕೂತಿದ್ದೆ. ಹಾಳೆಗಳನ್ನು ನೆಲದ ಮೇಲೆ ಹರಡಿ ಐದೈದು ಮಕ್ಕಳು ಸುತ್ತ ಕೂತಿದ್ದರು. ಮೊದಲು ಸುಮ್ನೆ ಓದುತ್ತಿದ್ದರು. ಕೂಲಿ, ಕೂಲಿ, ಬೇಸಾಯ, ರೈಟರ್ (ತೋಟದ ಗುಮಾಸ್ತ), ಕೂಲಿ, ಅಂಗಡಿ. ಆಮೇಲೆ ಒಬ್ಬ ಹುಡುಗ ಬೆರಳಿಟ್ಟು, 'ಸಾರ್, ಕೂಲಿ ಅಂತ ಇರೋರೆಲ್ಲ ಫೆಬ್ರವರಿ, ಮಾರ್ಚಲ್ಲೇ ಬಿಟ್ಟಿದ್ದಾರೆ' ಅಂದ. ಅವನಿಗೆ ಯಾರೂ ಉತ್ತರ ಹೇಳಬೇಕಾಗಲಿಲ್ಲ. ಪಕ್ಕದವನೇ, 'ಕಾಫಿ ಕೊಯ್ಲು ಮುಗೀತಲ್ಲ, ಊರಿಗೆ ಹೋಗಿರ್ತಾರೆ' ಅಂದ. ಹೇಳಿದವನು ಲೈನ್ ಮನೆಯ ಹುಡುಗ. ಅವನ ಸೋದರಮಾವನ ಮಕ್ಕಳು ಈಗಲೂ ಹಾಗೇ ಬಂದು ಹಾಗೇ ಹೋಗುತ್ತಾರೆ. ಅರೇಬಿಕಾ ಕೊಯ್ಲು ನವೆಂಬರಿಗೆ ಶುರು, ರೊಬಸ್ಟಾ ಫೆಬ್ರವರಿ ದಾಟುವ ತನಕ ಇರುತ್ತದೆ, ಅದರ ಲೆಕ್ಕ ಅವನಿಗೆ ಬಾಯಿಪಾಠ. ಆ ಐದು ನಿಮಿಷ ತರಗತಿಯಲ್ಲಿ ಅವನೇ ಮೇಷ್ಟ್ರು.

ಅದೇ ಹಾಳೆಯಲ್ಲಿ ಒಬ್ಬ ಹುಡುಗಿ ಬೇರೆ ಏನನ್ನೋ ನೋಡಿದಳು. 'ಹುಡುಗಿಯರು ಐದಕ್ಕೇ ಯಾಕೆ ಬಿಡ್ತಾ ಇದ್ರು ಸಾರ್?' ಇದಕ್ಕೆ ರಿಜಿಸ್ಟರಿನಲ್ಲಿ ಉತ್ತರ ಇರಲಿಲ್ಲ. 'ಮನೆ ಕೆಲಸ' ಅಂತ ಎರಡು ಕಡೆ ಬರೆದಿತ್ತು, ಉಳಿದ ಕಡೆ ಖಾಲಿ. ಅಲ್ಲಿ ಕಾಗದ ನಿಲ್ಲುತ್ತದೆ, ಮನುಷ್ಯರನ್ನು ಕೇಳುವ ಕೆಲಸ ಶುರುವಾಗುತ್ತದೆ. ಆಕೆ ತನ್ನ ಅಜ್ಜಿಯನ್ನೂ ಪಕ್ಕದ ಮನೆಯ ಇನ್ನಿಬ್ಬರು ಅಜ್ಜಿಯರನ್ನೂ ಕೇಳಿ ಬಂದಳು. ಒಬ್ಬರು ಮದುವೆ ಅಂದರು. ಒಬ್ಬರು, ಮುಂದಿನ ಶಾಲೆಗೆ ಹೋಗಲು ಹೊಳೆ ದಾಟಬೇಕಿತ್ತು, ಮಳೆಗಾಲದಲ್ಲಿ ಪಾಲ (ಕಾಲುಸೇತುವೆ) ಕೊಚ್ಚಿಕೊಂಡು ಹೋಗುತ್ತಿತ್ತು ಅಂದರು. ಮೂರನೆಯವರು, 'ತಮ್ಮನನ್ನು ಎತ್ತಿಕೊಳ್ಳೋಕೆ ಯಾರೂ ಇರಲಿಲ್ಲ' ಅಂದರು. ಮೂರೂ ನಿಜ. ಇತಿಹಾಸದಲ್ಲಿ ಒಂದು ಘಟನೆಗೆ ಒಂದೇ ಕಾರಣ ಇರುವುದಿಲ್ಲ ಅಂತ ನಾವು ಪಠ್ಯಪುಸ್ತಕದಲ್ಲಿ ವರ್ಷಗಟ್ಟಲೆ ಹೇಳುತ್ತೇವೆ. ಆ ಹುಡುಗಿಗೆ ಅದು ಆವತ್ತೇ ತಿಳಿಯಿತು.

ಎರಡನೆಯ ಕೆಲಸ ಇನ್ನೂ ಸುಲಭ. ಕಾಫಿ ಊರುಗಳಲ್ಲಿ ತಾರಸಿ ಮನೆಗಳ ಮುಂಭಾಗದಲ್ಲಿ ಸಿಮೆಂಟಿನಲ್ಲಿ ಇಸವಿ ಕೊರೆದಿರುತ್ತಾರೆ. ಶಾಲೆಗೆ ಬರುವ ದಾರಿಯಲ್ಲಿ ಕಾಣುವ ಇಸವಿಗಳನ್ನೆಲ್ಲ ಬರೆದುಕೊಂಡು ಬನ್ನಿ ಅಂತ ಹೇಳಿ. ಒಂದು ಊರಿನ ಮಕ್ಕಳು ಹೀಗೆ ಬರೆದುಕೊಂಡು ಬಂದಾಗ 90ರ ದಶಕದ ನಡುವಿನ ಇಸವಿಗಳು ಮತ್ತೆ ಮತ್ತೆ ಬಂದವು. ಯಾಕೆ ಅಂತ ಮಕ್ಕಳಿಗೆ ಹೊಳೆಯಲಿಲ್ಲ. ಅವರ ಅಪ್ಪಂದಿರಿಗೆ ಮಾತ್ರ ತಕ್ಷಣ ಹೊಳೆಯಿತು.

ಕತೆ ಇಷ್ಟು. 1942ರ ಕಾಫಿ ಕಾಯ್ದೆಯ ನಂತರ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಕೂಡಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ, ಹಾಕಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. 90ರ ದಶಕದ ಮೊದಲ ವರ್ಷಗಳಲ್ಲಿ ಆ ಕಟ್ಟು ಹಂತ ಹಂತವಾಗಿ ಸಡಿಲವಾಯಿತು, ಬೆಳೆಗಾರರು ತಾವೇ ಮಾರಬಹುದು ಅಂತ ಆಯಿತು. ಅದೇ ಹೊತ್ತಿಗೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡ ಸುಟ್ಟುಹೋಯಿತು. ಪ್ರಪಂಚದ ಎಲ್ಲ ಕಡೆ ರೇಟು ಏರಿತು. ಭೂಮಿಯ ಆ ಕಡೆ ಬಿದ್ದ ಹಿಮಕ್ಕೆ ಈ ಕಡೆ ಹಂಚಿನ ಮನೆ ತಾರಸಿ ಆಯಿತು. ಜಾಗತೀಕರಣ ಅನ್ನುವ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಗೆ ಮಾಡುವುದು?

ಆದರೆ ಅಲ್ಲಿಗೇ ನಿಲ್ಲಿಸಿಬಿಟ್ಟರೆ ಮತ್ತೆ ಅರ್ಧ ತರಗತಿಯ ಇತಿಹಾಸವೇ ಆಗುತ್ತದೆ. ಅದೇ ವರ್ಷ ಲೈನ್ ಮನೆಗೆ ಏನಾಯಿತು ಅಂತಲೂ ಕೇಳಬೇಕು. ಕೂಲಿ ಎಷ್ಟಿತ್ತು? ಕರೆಂಟು ಬಂದದ್ದು ಯಾವಾಗ? ಶೀಟು ಹೊದಿಸಿದ್ದು ಯಾವಾಗ? ಲೈನ್ ಮನೆಯ ಗೋಡೆಯ ಮೇಲೆ ಇಸವಿ ಇರುವುದಿಲ್ಲ, ಹಾಗಾಗಿ ಮಕ್ಕಳು ಜನರನ್ನೇ ಕೇಳಬೇಕಾಗುತ್ತದೆ. ದೊಡ್ಡ ಮನೆಯ ಮಗುವೂ ಲೈನ್ ಮನೆಯ ಮಗುವೂ ಒಟ್ಟಿಗೆ ಎರಡೂ ಕಡೆ ಹೋಗಿ ಕೇಳಲಿ. ಇದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಬಸ್ಸಿನಲ್ಲಿ ಒಟ್ಟಿಗೆ ಬರುವ ಮಕ್ಕಳು ಒಬ್ಬರ ಮನೆಗೆ ಒಬ್ಬರು ಹೋಗಿರುವುದಿಲ್ಲ.

ಈಗ ನೆನಪು ಮತ್ತು ದಾಖಲೆಯ ವಿಷಯ. ಕೊಡಗಿನಲ್ಲಿ ಇದನ್ನು ಕಲಿಸಲು ಒಂದು ಬಂಗಾರದಂಥ ವಸ್ತು ಇದೆ, ಮಳೆ ಪುಸ್ತಕ. ಬಹಳ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುತ್ತಾರೆ. ಇವತ್ತಿಗೂ ನಮ್ಮಲ್ಲಿ ಮಳೆ ಅಂದರೆ ಇಂಚು ಮತ್ತು ಸೆಂಟು, ನೂರು ಸೆಂಟಿಗೆ ಒಂದು ಇಂಚು. 'ನಿಮ್ಮಲ್ಲಿ ಎಷ್ಟು?' ಅಂತ ಫೋನ್ ಮಾಡಿ ಕೇಳುವ ಜಿಲ್ಲೆ ನಮ್ಮದು. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆ ಹತ್ತು ಸೆಂಟು ಕಡಿಮೆ ಆದರೂ ಜನರ ಮುಖ ಬಾಡುತ್ತದೆ. ಕೆಲವು ಮನೆಗಳಲ್ಲಿ ಮೂರು ತಲೆಮಾರಿನ ಪುಸ್ತಕಗಳಿವೆ. ಬೈಂಡು ಹಾಕಿದ ಉದ್ದ ಪುಸ್ತಕ, ಒಂದೊಂದು ಕಾಲದಲ್ಲಿ ಒಂದೊಂದು ಕೈಬರಹ. ಮಾಲೀಕರನ್ನು ಕೇಳಿಕೊಂಡರೆ ಒಂದೆರಡು ವರ್ಷದ ಜುಲೈ ತಿಂಗಳಿನ ಪುಟ ನಕಲು ಮಾಡಿಕೊಳ್ಳಲು ಬಿಡುತ್ತಾರೆ.

ಪುಸ್ತಕ ತೆರೆಯುವ ಮೊದಲು ಮಕ್ಕಳು ಊರಿನ ಹಿರಿಯರನ್ನು ಕೇಳಲಿ. ಉತ್ತರ ಗೊತ್ತೇ ಇದೆ. 'ಆಗಿನ ಮಳೆ ಎಂಥದ್ದು! ಈಗ ಎಲ್ಲಿ ಮಳೆ?' ಆಮೇಲೆ ಪುಸ್ತಕ ನೋಡಲಿ. ಅಜ್ಜ ಸರಿಯೋ ತಪ್ಪೋ ಅಂತ ತೀರ್ಪು ಕೊಡುವುದಕ್ಕಲ್ಲ. ತಿಂಗಳ ಇಂಚುಗಳನ್ನು ಕೂಡಿಸಿದರೆ ಒಂದು ಉತ್ತರ ಬರುತ್ತದೆ. ಮಳೆ ಬಿಡದೆ ಸುರಿದ ದಿನಗಳನ್ನು ಎಣಿಸಿದರೆ ಇನ್ನೊಂದು ಉತ್ತರ ಬರಬಹುದು. ಒಂದೇ ದಿನ ಬಿದ್ದ ಅತಿ ದೊಡ್ಡ ಮಳೆ ಯಾವುದು ಅಂತ ಹುಡುಕಿದರೆ ಮೂರನೆಯದು. ಅಜ್ಜನ ನೆನಪಿನಲ್ಲಿ ಇರುವುದು ಇಂಚು ಅಲ್ಲ. ಒಣಗದ ಬಟ್ಟೆ, ಒಲೆ ಮೇಲೆ ಹೊಗೆ ಕಾಯಿಸಿದ ಸೌದೆ, ಹದಿನೈದು ದಿನ ಮುಖ ತೋರಿಸದ ಸೂರ್ಯ. ಅಜ್ಜ ಏನನ್ನು ಎಣಿಸುತ್ತಿದ್ದಾರೆ ಅಂತ ಮಕ್ಕಳು ಮತ್ತೆ ಹೋಗಿ ಕೇಳಬೇಕು. ಎರಡನೇ ಸಲ ಹೋಗಿ ಕೇಳಿದ ಪ್ರಶ್ನೆಯಲ್ಲೇ ನಿಜವಾದ ಇತಿಹಾಸ ಕಲಿಕೆ ಇದೆ ಅಂತ ನಾನು ನಂಬುತ್ತೇನೆ. ಮೊದಲ ಸಲ ಎಲ್ಲರೂ ಕೇಳುತ್ತಾರೆ.

ಇಲ್ಲೇ ಒಂದು ಮಾತು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿಯಿತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಆ ಭಾಗದ ಶಾಲೆಯಲ್ಲಿದ್ದರೆ, ಮನೆ ಕಳೆದುಕೊಂಡ ಮಗುವಿಗೆ 'ನಿನ್ನ ಅನುಭವ ಬರಿ' ಅಂತ ದಯವಿಟ್ಟು ಹೇಳಬೇಡಿ. ಅದು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. ಬೇಕಾದರೆ ದೊಡ್ಡವರನ್ನು ಕೂರಿಸಿಕೊಂಡು, ಕುಸಿಯುವ ಮುಂಚೆ ಯಾವ ದಾರಿ ಎಲ್ಲಿತ್ತು, ತೋಡು ಎಲ್ಲಿ ಹರಿಯುತ್ತಿತ್ತು ಅಂತ ನಕ್ಷೆ ಬರೆಸಿ. ಕಾಗದ ಪತ್ರ, ಫೋಟೋ ಎಲ್ಲ ಮಣ್ಣಿನಡಿ ಹೋದ ಕಡೆ ಅಂಥ ನಕ್ಷೆ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ರಾಜರ ಕತೆ ಬೇಡವೇ ಅಂತ ಕೇಳುತ್ತೀರಿ. ಬೇಕು. ಕೊಡಗನ್ನು ಆಳಿದ ಹಾಲೇರಿ ರಾಜರು, 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಬಂದದ್ದು, ಇಂಗ್ಲಿಷರ ವಿರುದ್ಧ ಎದ್ದ 1837ರ ಅಮರ ಸುಳ್ಯ ದಂಗೆ, ಅದರ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷ ಅಕ್ಟೋಬರ್ 31ರಂದು ಇದೇ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ್ದು, ಇದೆಲ್ಲ ಮಕ್ಕಳಿಗೆ ಗೊತ್ತಿರಲೇಬೇಕು. ಆದರೆ ಅದು ಪುಸ್ತಕದಲ್ಲಿ ಸಿಗುತ್ತದೆ, ಅದಕ್ಕೆ ಹೇಳುವವರಿದ್ದಾರೆ. ನಾನು ಹೇಳುತ್ತಿರುವುದು ಯಾರೂ ಬರೆದಿಡದ ಭಾಗದ ಬಗ್ಗೆ.

ರಾಜರ ಕಾಲದ ಒಂದು ವಸ್ತು ಮಾತ್ರ ಪಠ್ಯದಲ್ಲಿ ಇಲ್ಲ, ಊರೂರಿನಲ್ಲಿ ಇದೆ. ಕಡಂಗ. ಶತ್ರು ಬರದಂತೆ, ನಾಡಿನ ಗಡಿ ಗೊತ್ತಾಗುವಂತೆ ಹಿಂದಿನವರು ಅಗೆದ ಆಳವಾದ ಕಂದಕ. ಎಷ್ಟೋ ತೋಟಗಳ ನಡುವೆ ಇವತ್ತೂ ಹಾದುಹೋಗಿದೆ. ಮಕ್ಕಳು ಅದರೊಳಗೆ ಇಳಿದು ಆಡುತ್ತಾರೆ, ಅದು ಏನು ಅಂತ ಗೊತ್ತಿಲ್ಲದೆ. ಒಂದು ಬಿಸಿಲಿನ ದಿನ ಕರೆದುಕೊಂಡು ಹೋಗಿ ಅದರ ಗುಂಟ ನಡೆಸಿ. ಹಗ್ಗ ಇಳಿಸಿ ಆಳ ಅಳೆಯಲಿ. ಮಣ್ಣು ಯಾವ ಕಡೆ ಎತ್ತಿ ಹಾಕಿದ್ದಾರೆ ನೋಡಲಿ, ಶತ್ರು ಯಾವ ಕಡೆಯಿಂದ ಬರುತ್ತಾನೆ ಅಂತ ಅಗೆದವರು ಅಂದುಕೊಂಡಿದ್ದರು ಅನ್ನುವುದನ್ನು ಅದರಿಂದ ಊಹಿಸಬಹುದು. ಇದನ್ನು ಅಗೆದ ಕೈ ಯಾರದ್ದು ಅಂತ ಅವರೇ ಕೇಳುತ್ತಾರೆ. ಕೇಳದಿದ್ದರೆ ನೀವು ಕೇಳಿ.

ಪುಸ್ತಕಗಳನ್ನೂ ಹೀಗೇ ಪ್ರಶ್ನಿಸಲು ಕಲಿಸಬೇಕು. 1870ರಲ್ಲಿ ಕೊಡಗಿನ ಮೇಲೆ ಒಂದು ದೊಡ್ಡ ಕೈಪಿಡಿ ಬರೆದ ರಿಕ್ಟರ್ ಅವರು ಬಾಸೆಲ್ ಮಿಷನ್ನಿನವರು, ಮಡಿಕೇರಿಯಲ್ಲಿ ಶಾಲೆಯ ಮುಖ್ಯಸ್ಥರಾಗಿದ್ದವರು. ನಮ್ಮ ಹಾಗೆ ಮೇಷ್ಟ್ರು. ಅವರು ಕೂಡಿಸಿಟ್ಟ ಮಾಹಿತಿ ಇವತ್ತೂ ಉಪಯೋಗಕ್ಕೆ ಬರುತ್ತದೆ. ಆದರೆ ಯಾರು ಬರೆದರು, ಯಾರಿಗಾಗಿ ಬರೆದರು, ಯಾರನ್ನು ಕೇಳಿ ಬರೆದರು ಅಂತ ನೋಡಬೇಕು. ಇಲ್ಲಿನ ಬುಡಕಟ್ಟಿನವರಾದ ಎರವರ ಬಗ್ಗೆ ಬರೆಯುವಾಗ ಎರವರನ್ನೇ ಎಷ್ಟು ಕೇಳಿದ್ದರು? ಇನ್ನೊಂದು ಕಡೆ ನಡಿಕೇರಿಯಂಡ ಚಿಣ್ಣಪ್ಪ ಅವರನ್ನು ನೋಡಿ. ಹಿರಿಯರ ಬಾಯಲ್ಲಿದ್ದ ಕೊಡವ ಹಾಡು, ಪದ್ಧತಿಗಳನ್ನು ಕೂಡಿಸಿ, ಕನ್ನಡ ಅಕ್ಷರದಲ್ಲಿ ಬರೆದು, 1924ರಲ್ಲಿ 'ಪಟ್ಟೋಲೆ ಪಳಮೆ' ಅಂತ ಅಚ್ಚು ಹಾಕಿಸಿದರು. ಅವರು ಆವತ್ತು ಬರೆದುಕೊಳ್ಳದಿದ್ದರೆ ಅದರಲ್ಲಿ ಎಷ್ಟೋ ಹಾಡು ಇವತ್ತು ನಮಗೆ ಇರುತ್ತಿರಲಿಲ್ಲ. ಅರೆಭಾಷೆಯ, ಎರವರ, ಕುರುಬರ, ಕುಡಿಯರ, ಮಾಪಿಳ್ಳೆಯರ, ತಮಿಳು ಕೂಲಿಗಳ ಬಾಯಲ್ಲಿರುವ ಹಾಡು, ಕತೆಗಳಿಗೆ ಈಗಲೂ ಅಂಥ ಕಿವಿ ಬೇಕು. ನಮ್ಮ ತರಗತಿಯಲ್ಲಿ ಆ ಎಲ್ಲ ಭಾಷೆ ಬಲ್ಲ ಮಕ್ಕಳು ಕೂತಿದ್ದಾರೆ. ಹಾಡಿಯ ಅಜ್ಜಿ ತನ್ನ ಮಾತಿನಲ್ಲಿ ಹೇಳಲಿ, ಎರವ ಹುಡುಗಿ ಗೆಳತಿಯರಿಗೆ ಕನ್ನಡದಲ್ಲಿ ಹೇಳಲಿ. ಆ ಗುಂಪಿನಲ್ಲಿ ಅವಳಿಲ್ಲದೆ ಕೆಲಸ ಮುಂದೆ ಹೋಗುವುದಿಲ್ಲ.

ಕೇಳುವ ರೀತಿಯನ್ನೂ ಹೇಳಿಕೊಡಬೇಕು. 'ಹಿಂದಿನ ಕಾಲ ಹೇಗಿತ್ತು?' ಅಂತ ಕೇಳಿದರೆ 'ಚೆನ್ನಾಗಿತ್ತು' ಅಂತ ಉತ್ತರ ಬರುತ್ತದೆ, ಮುಗಿಯಿತು. 'ಸಂತೆಗೆ ಏನು ಹೊತ್ತುಕೊಂಡು ಹೋಗ್ತಿದ್ರಿ? ಬರುವಾಗ ಏನು ತರ್ತಿದ್ರಿ?' ಅಂತ ಕೇಳಲಿ, ಅರ್ಧ ಗಂಟೆ ಮಾತು ಬರುತ್ತದೆ. ಇಸವಿ ಕೇಳಬೇಡಿ. ಬಹಳ ಹಿರಿಯರಿಗೆ ತಮ್ಮ ಹುಟ್ಟಿದ ವರ್ಷವೇ ಗೊತ್ತಿರುವುದಿಲ್ಲ. ಕೊಡಗು ಬೇರೆ ರಾಜ್ಯ ಆಗಿದ್ದಾಗಲೋ, 1956ರಲ್ಲಿ ಮೈಸೂರಿಗೆ ಸೇರಿದ ಮೇಲೆಯೋ? ಮದುವೆಗೆ ಮುಂಚೆಯೋ ಆಮೇಲೆಯೋ? ಸುಗ್ಗಿ ಹಬ್ಬ ಪುತ್ತರಿಗೋ, ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೋ? ಹೀಗೆ ಹಿಡಿದುಕೊಂಡು ಹೋದರೆ ವರ್ಷ ತಾನಾಗಿ ಸಿಗುತ್ತದೆ.

ಬರೆದಿಡುವಾಗ ಒಂದು ನಿಯಮ ಮಾಡಿ. ಕಣ್ಣಾರೆ ನೋಡಿದ್ದು ನೀಲಿ ಪೆನ್ನು. ಒಬ್ಬರು ಹೇಳಿದ್ದು ಕಪ್ಪು ಪೆನ್ನು, ಪಕ್ಕದಲ್ಲಿ ಯಾರು ಹೇಳಿದರು, ಯಾವ ದಿನ ಅಂತ. ನಮ್ಮ ಊಹೆ ಪೆನ್ಸಿಲ್ಲು. ಇಷ್ಟು ಸಣ್ಣ ನಿಯಮದಿಂದ ಮಕ್ಕಳ ಬರಹ ಎಷ್ಟು ಬದಲಾಗುತ್ತದೆ ಅಂತ ನೀವೇ ನೋಡುತ್ತೀರಿ. ತಮ್ಮ ಪುಟದಲ್ಲಿ ಪೆನ್ಸಿಲ್ಲೇ ಜಾಸ್ತಿ ಇದೆ ಅಂತ ಕಂಡರೆ ಅವರೇ ಎದ್ದು ಇನ್ನೊಬ್ಬರನ್ನು ಕೇಳಲು ಹೋಗುತ್ತಾರೆ.

ಆಮೇಲೆ ಬಂದ ಪ್ರಶ್ನೆಗಳು.

ಒಬ್ಬ ಟೀಚರ್ ಕೇಳಿದರು: 'ಪಾಠ ಮುಗಿಸುವುದೇ ಕಷ್ಟ, ಇದಕ್ಕೆ ಸಮಯ ಎಲ್ಲಿ?' ನಮ್ಮ ಜಿಲ್ಲೆಯ ವರ್ಷವನ್ನು ನೋಡಿಕೊಂಡರೆ ಸಮಯ ಇದೆ. ಜೂನ್, ಜುಲೈಯಲ್ಲಿ ಮಕ್ಕಳು ಹೊರಗೆ ಹೋಗುವ ಹಾಗಿಲ್ಲ, ಆಗ ರಿಜಿಸ್ಟರ್ ಹಾಳೆಗಳ ಕೆಲಸ. ಕೈಲ್‌ಪೊಳ್ದ್ ಮುಗಿದು ಮಳೆ ಕಡಿಮೆಯಾದ ಮೇಲೆ ಮನೆಗಳಿಗೆ ಹೋಗುವುದು, ದಸರಾ ರಜೆಯೂ ಸಿಗುತ್ತದೆ. ಕೊಯ್ಲು ಶುರುವಾದರೆ ಹಿರಿಯರಿಗೂ ಪುರುಸೊತ್ತಿಲ್ಲ, ಎಷ್ಟೋ ಮಕ್ಕಳೂ ತೋಟದಲ್ಲಿ ಇರುತ್ತಾರೆ. ಅಷ್ಟರೊಳಗೆ ಕೇಳುವ ಕೆಲಸ ಮುಗಿಸಿ. ವರ್ಷಕ್ಕೆ ಒಂದೇ ವಿಷಯ ಹಿಡಿಯಿರಿ. ಈ ವರ್ಷ ಸೇತುವೆ, ಮುಂದಿನ ವರ್ಷ ಸಂತೆ. ಜೇನು ಹಿಡಿದರೂ ಆಗುತ್ತದೆ. 90ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಪೆಟ್ಟಿಗೆಯ ಜೇನು ನಾಶವಾದದ್ದನ್ನು ಕಂಡವರು ಇನ್ನೂ ಇದ್ದಾರೆ.

ಇನ್ನೊಬ್ಬರು: 'ಜಮೀನಿನ ತಕರಾರು, ಜಾತಿ ವಿಷಯ ಬಂದರೆ ಊರಿನವರು ಶಾಲೆಗೆ ಬಂದು ಜಗಳ ಮಾಡುತ್ತಾರಲ್ಲ?' ನಿಜವಾದ ಭಯ ಇದು. ಯಾರ ಜಾಗ ಯಾರದ್ದು ಅನ್ನುವುದಕ್ಕೆ ಮಕ್ಕಳನ್ನು ಕಳಿಸಲೇಬೇಡಿ, ಅದು ಕೋರ್ಟಿನ ಕೆಲಸ. ಆದರೆ ನೋವಿನ ವಿಷಯ ಅಂತ ಎಲ್ಲವನ್ನೂ ಬಿಡುವುದೂ ಸರಿಯಲ್ಲ. ಭೂಮಿಯ ಜೊತೆಗೆ ಆಳುಗಳೂ ಕೈ ಬದಲಾಗುತ್ತಿದ್ದ ಕಾಲ ಕೊಡಗಿನಲ್ಲಿ ಇತ್ತು, ಜಮ್ಮದಾಳು ಅನ್ನುತ್ತಿದ್ದರು. ಕಾಡಿನೊಳಗಿದ್ದ ಹಾಡಿಗಳು ಹೊರಗೆ ಬಂದದ್ದು, 2016ರಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತದ್ದು, ಇವೆಲ್ಲ ನಮ್ಮ ಮಕ್ಕಳ ಮನೆಗಳಲ್ಲಿ ದಿನಾ ಮಾತಾಡುವ ವಿಷಯ. ಪ್ರೌಢಶಾಲೆಯ ಮಕ್ಕಳ ಜೊತೆ, ಪೋಷಕರಿಗೆ ಮೊದಲೇ ತಿಳಿಸಿ, ಹೆಸರು ಹಿಡಿಯದೆ ಮಾತಾಡಬಹುದು. ಒಂಬತ್ತನೇ ತರಗತಿಗೆ ಬಂದ ಮಗು ಅದನ್ನು ತಡೆದುಕೊಳ್ಳುತ್ತದೆ. ನಾವು ಮುಚ್ಚಿಟ್ಟರೆ ಆ ಮಗುವಿಗೆ ಶಾಲೆಯ ಮೇಲೆ ನಂಬಿಕೆ ಹೋಗುತ್ತದೆ.

ಕೊನೆಯದಾಗಿ ಒಬ್ಬರು ಕೇಳಿದ್ದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದಾ ಅಂತ. ಹೇಳುವವರು ಒಪ್ಪಿದರೆ ಖಂಡಿತ ಮಾಡಿ. ವಾಟ್ಸಾಪಿಗೆ ಹಾಕಬೇಡಿ. ರೆಕಾರ್ಡ್ ಶುರುವಾದ ಕೂಡಲೇ ಮಗು ತನ್ನ ಹೆಸರು, ತಾರೀಖು, ಊರು, ಯಾರ ಜೊತೆ ಮಾತಾಡುತ್ತಿದೆ ಅಂತ ಹೇಳಲಿ. ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಬೀರುವಿನಲ್ಲಿ ಇರಲಿ. ಬರೆದದ್ದರ ಒಂದು ಪ್ರತಿಯನ್ನು ಹೇಳಿದವರ ಮನೆಗೆ ಮಕ್ಕಳೇ ಹೋಗಿ ಕೊಟ್ಟು, ಓದಿ ಹೇಳಿ, ತಪ್ಪಿದ್ದರೆ ತಿದ್ದಿಸಿಕೊಂಡು ಬರಲಿ.